ಬೈಬಲಿನ ಬಾಬೆಲ್ ಯಾವುದು? ಇರಾಕಿನ ಹಾಳೂರೋ, ರೋಮೋ, ಪಕ್ಕದ ಬೀದಿಯ ಚರ್ಚೋ?

ಪ್ರಶ್ನೆ: ನಮ್ಮದು ಹಾಸನ ಜಿಲ್ಲೆಯ ಒಂದು ಸಣ್ಣ ಊರು. ನಮ್ಮ ಚರ್ಚಿನ ಸಂಡೇ ಸ್ಕೂಲಿನಲ್ಲಿ ದೊಡ್ಡ ಮಕ್ಕಳಿಗೆ ನಾನೇ ಪಾಠ ಮಾಡುವುದು. ಈ ಸಲ ದಾನಿಯೇಲನ ಪುಸ್ತಕ ಬಂದಿದೆ. ಇಂಜಿನಿಯರಿಂಗ್ ಓದುವ ನನ್ನ ಮಗ, "ಅಮ್ಮ, ಬೇಲ್ಶಚ್ಚರ ನೆಬೂಕದ್ನೆಚ್ಚರನ ಮಗನೇ ಅಲ್ಲ. ದಾನಿಯೇಲನೂ ಕಟ್ಟುಕಥೆ, ಬಾಬೆಲಿನ ಸೆರೆಯೂ ಕಟ್ಟುಕಥೆ" ಅನ್ನುತ್ತಾನೆ. ಇನ್ನೊಂದು ಕಡೆ ನಮ್ಮ ಕುಟುಂಬದ ವಾಟ್ಸಾಪ್ ಗ್ರೂಪಿಗೆ ಯಾರೋ ಒಂದು ವಿಡಿಯೊ ಹಾಕಿದ್ದಾರೆ. ಬಾಬೆಲ್ ಮತ್ತೆ ಎಂದೂ ಜನ ವಾಸಿಸದ ಹಾಳೂರಾಗುತ್ತದೆ ಎಂದು ಪ್ರವಾದಿ ಯೆಶಾಯ ಹೇಳಿದ್ದಾನೆ, ಆದರೆ ಸದ್ದಾಂ ಹುಸೇನ್ ಅದನ್ನು ಕಟ್ಟಿಸಿದ, ಹಾಗಾಗಿ ಲೋಕದ ಅಂತ್ಯ ಹತ್ತಿರ ಅಂತ ಅದರಲ್ಲಿ ಇದೆ. ಅದೇ ವಿಡಿಯೊದಲ್ಲಿ ಬೈಬಲಿನ ಕೊನೇ ಪುಸ್ತಕವಾದ ಪ್ರಕಟನೆಯ ಮಹಾ ಬಾಬೆಲ್ ಅಂದರೆ ಕಥೋಲಿಕ ಸಭೆ, ಅದು ನಿಮ್ರೋದನ ಹೆಂಡತಿ ಸೆಮಿರಾಮಿಸಳಿಂದ ಬಂದದ್ದು ಅಂತಲೂ ಹೇಳುತ್ತಾರೆ. ನನ್ನ ನಾದಿನಿಯನ್ನು ಮಂಗಳೂರಿನ ಕಥೋಲಿಕರ ಮನೆಗೆ ಕೊಟ್ಟಿದ್ದೇವೆ. ಅವಳು ಗ್ರೂಪ್ ಬಿಟ್ಟಳು, ಈಗ ಫೋನೂ ಎತ್ತುತ್ತಿಲ್ಲ. ಯಾವುದು ನಿಜ? ಮಕ್ಕಳಿಗೆ ಏನು ಹೇಳಲಿ?

ಉತ್ತರ: ಟೀಚರ್, ನಿಮ್ಮ ಪತ್ರದಲ್ಲಿ ನಾಲ್ಕೈದು ಪ್ರಶ್ನೆಗಳಿದ್ದರೂ ತೊಡಕು ಒಂದೇ. ನಿಮ್ಮ ಮಗನಿಗೂ ಆ ವಿಡಿಯೊ ಮಾಡಿದವರಿಗೂ 'ಬಾಬೆಲ್' ಅಂದರೆ ಒಂದೇ. ಬೈಬಲಿನಲ್ಲಿ ಅದು ಒಂದೇ ಅಲ್ಲ. ಪ್ರವಾದಿ ಯೆರೆಮೀಯ ಹೇಳುವ ಬಾಬೆಲ್ ಅವನ ಕಣ್ಣೆದುರಿಗೇ ಇದ್ದ ಸಾಮ್ರಾಜ್ಯ, ಅದರ ಸೈನ್ಯ ಅವನ ಊರಿನ ಗೋಡೆಯಾಚೆ ನಿಂತಿತ್ತು. ದಾನಿಯೇಲನ ಪುಸ್ತಕದ್ದು ಬಹಳ ಕಾಲದ ನಂತರ ನೆನಪಿನಿಂದ ಹೇಳಿದ ಬಾಬೆಲ್. ಪ್ರಕಟನೆಯಲ್ಲಿ ಬರುವುದು ಇನ್ನೊಬ್ಬ ಶತ್ರುವಿಗೆ ಇಟ್ಟ ಹೆಸರು. ಒಂದರ ಬಗ್ಗೆ ಹೇಳಿದ್ದನ್ನು ಇನ್ನೊಂದಕ್ಕೆ ಅಂಟಿಸಿದರೆ ಇಂಥ ಜಗಳಗಳು ಹುಟ್ಟುತ್ತವೆ. ನಾನು ಹಳೆ ಒಡಂಬಡಿಕೆಯ ಕಾಲದ ಇತಿಹಾಸ ಪಾಠ ಮಾಡುವವನು. ನನ್ನ ತರಗತಿಯಲ್ಲಿ ವರ್ಷ ವರ್ಷವೂ ಇದೇ ಪ್ರಶ್ನೆಗಳು ಬರುತ್ತವೆ.

ಮೊದಲು ಮಗನ ಮಾತು. ಬೇಲ್ಶಚ್ಚರನ ವಿಷಯದಲ್ಲಿ ಅವನು ಹೇಳಿದ್ದು ಸರಿ. ಬಾಬೆಲಿನವರು ಯೆಹೂದದ ಜನರನ್ನು ಸೆರೆ ಒಯ್ದದ್ದರ ವಿಷಯದಲ್ಲಿ ಮಾತ್ರ ಪೂರ್ತಿ ತಪ್ಪು. ಅಷ್ಟು ಹಳೆಯ ಕಾಲದ ಒಂದು ಘಟನೆಗೆ ಇಷ್ಟು ಗಟ್ಟಿ ಸಾಕ್ಷಿ ಸಿಗುವುದು ಅಪರೂಪ.

ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ ಕ್ಯೂನಿಫಾರಂ ಲಿಪಿಯ ಒಂದು ಮಣ್ಣಿನ ಫಲಕ ಇದೆ. ಬ್ಯಾಬಿಲೋನಿನವರೇ (ಬೈಬಲಿನ ಬಾಬೆಲಿನವರು ಇವರೇ) ವರ್ಷವಾರು ಬರೆದಿಟ್ಟ ದಾಖಲೆ. ಅರಸ ನೆಬೂಕದ್ನೆಚ್ಚರನ ಆಳ್ವಿಕೆಯ 7ನೇ ವರ್ಷದ ಕೆಳಗೆ ಹೀಗಿದೆ: ಯೆಹೂದದ ಪಟ್ಟಣಕ್ಕೆ (ಅಂದರೆ ಯೆರೂಸಲೇಮಿಗೆ) ಮುತ್ತಿಗೆ ಹಾಕಿದ, ಅದಾರ್ ತಿಂಗಳ 2ನೇ ದಿನ ಅದನ್ನು ಹಿಡಿದ, ಅರಸನನ್ನು ಸೆರೆ ಮಾಡಿದ, ತನಗೆ ಒಪ್ಪಿದ ಅರಸನನ್ನು ಕೂರಿಸಿದ, ಭಾರಿ ಕಪ್ಪ ತೆಗೆದುಕೊಂಡು ಬ್ಯಾಬಿಲೋನಿಗೆ ಹೋದ. ಇಂದಿನ ಲೆಕ್ಕದಲ್ಲಿ ಅದು ಕ್ರಿ.ಪೂ. 597ರ ಮಾರ್ಚ್ 16. ಈಗ ಎರಡನೇ ಅರಸುಗಳು 24ನೇ ಅಧ್ಯಾಯ ತೆಗೆಯಿರಿ. 18 ವರ್ಷದ ಯೆಹೋಯಾಖೀನ ಮೂರೇ ತಿಂಗಳು ಆಳಿ ಶರಣಾದ, ಅವನ ಚಿಕ್ಕಪ್ಪನಿಗೆ ಚಿದ್ಕೀಯ ಎಂದು ಹೆಸರಿಟ್ಟು ಸಿಂಹಾಸನಕ್ಕೆ ಕೂರಿಸಿದರು ಅಂತ ಇದೆ. ಗೆದ್ದವರೂ ಸೋತವರೂ ಒಂದೇ ಕಥೆ ಹೇಳುತ್ತಿದ್ದಾರೆ.

ಆದರೆ ಆ ದಾಖಲೆ ಕ್ರಿ.ಪೂ. 594ರ ಹೊತ್ತಿಗೆ ತುಂಡಾಗುತ್ತದೆ. ಹಾಗಾಗಿ ಯೆರೂಸಲೇಮಿನ ದೇವಾಲಯ ಸುಟ್ಟ ಕ್ರಿ.ಪೂ. 586ರ ಕಥೆ (ಕೆಲವರ ಲೆಕ್ಕದಲ್ಲಿ 587) ಬ್ಯಾಬಿಲೋನಿನವರ ಬಾಯಲ್ಲಿ ನಮಗೆ ಸಿಕ್ಕಿಲ್ಲ. ಅಲ್ಲಿ ಮಣ್ಣೇ ಸಾಕ್ಷಿ. ಯೆರೂಸಲೇಮಿನ ಹಳೇ ಭಾಗವನ್ನು 1980ರ ದಶಕದಲ್ಲಿ ಅಗೆದಾಗ ಸುಟ್ಟ ಒಂದು ಮನೆಯಲ್ಲಿ ಸುಮಾರು 50 ಮಣ್ಣಿನ ಮುದ್ರೆಗಳು ಸಿಕ್ಕವು. ಸುರುಳಿ ಪತ್ರ ಕಟ್ಟಿ, ದಾರದ ಮೇಲೆ ಹಸಿ ಜೇಡಿಮಣ್ಣು ಮೆತ್ತಿ ಒತ್ತುತ್ತಿದ್ದ ಮುದ್ರೆ ಅದು. ಬೆಂಕಿಯಲ್ಲಿ ಪತ್ರಗಳೆಲ್ಲ ಬೂದಿಯಾದವು. ಅದೇ ಬೆಂಕಿಯಲ್ಲಿ ಮಣ್ಣು ಬೆಂದು ಗಟ್ಟಿಯಾಯಿತು. ಊರನ್ನು ಸುಟ್ಟ ಬೆಂಕಿಯಿಂದಲೇ ಆ ಮುದ್ರೆಗಳು 2,500 ವರ್ಷ ಉಳಿದವು. ಒಂದರ ಮೇಲೆ ಶಾಫಾನನ ಮಗ ಗೆಮರ್ಯ ಎಂಬ ಹೆಸರಿದೆ. ಯೆರೆಮೀಯ 36ರಲ್ಲಿ ಅವನ ಬರಹಗಾರ ಬಾರೂಕನು ಸುರುಳಿ ಓದುವುದು ಯಾರ ಕೊಠಡಿಯಲ್ಲಿ ಅಂತ ನೋಡಿ.

ಯೆಹೂದದ ಲಾಕೀಷ್ ಎಂಬ ಕೋಟೆಯೂರಿನದು ಇನ್ನೂ ಮನಸ್ಸಿಗೆ ತಟ್ಟುವಂಥದ್ದು. 1935ರಲ್ಲಿ ಅಲ್ಲಿನ ಕೋಟೆ ಬಾಗಿಲಿನ ಹತ್ತಿರ ಮಡಕೆ ಚೂರುಗಳ ಮೇಲೆ ಮಸಿಯಲ್ಲಿ ಬರೆದ ಪತ್ರಗಳು ಸಿಕ್ಕವು. ಒಬ್ಬ ಸೈನಿಕ ತನ್ನ ಮೇಲಧಿಕಾರಿಗೆ, ನಾವು ಲಾಕೀಷಿನ ಬೆಂಕಿಯ ಗುರುತನ್ನೇ ಕಾಯುತ್ತಿದ್ದೇವೆ, ಅಜೇಕದ ಗುರುತು ಕಾಣುತ್ತಿಲ್ಲ ಅಂತ ಬರೆದಿದ್ದಾನೆ. ಯೆರೆಮೀಯ 34ರಲ್ಲಿ ಯೆಹೂದದ ಕೋಟೆಗಳಲ್ಲಿ ಕೊನೆಗೆ ಉಳಿದವು ಈ ಎರಡೇ ಅಂತ ಇದೆ. ಈ ಪತ್ರ ಬರೆದದ್ದು ಅಜೇಕ ಬಿದ್ದ ದಿನವೇ ಅಂತ ಕೆಲವರು ಹೇಳಿಬಿಡುತ್ತಾರೆ. ಅಷ್ಟು ದೂರ ಹೋಗಬೇಕಿಲ್ಲ. ಅದೇ ಕಾಲದ ಅದೇ ಭಯ ಅಂದರೆ ಸಾಕು.

ಇನ್ನು ಈ ಬ್ಯಾಬಿಲೋನಿನವರು ಯಾರು? ಶಾಲೆಯಲ್ಲಿ ಓದಿದ ಹಮ್ಮುರಬಿ ಇವರಿಗಿಂತ ಸಾವಿರ ವರ್ಷಕ್ಕೂ ಹಿಂದಿನವನು. ಬೈಬಲಿನಲ್ಲಿ ಅವನ ಹೆಸರು ಇಲ್ಲ. ಬೈಬಲಿಗೆ ಬೇಕಾದವರು ಕಸ್ದೀಯರು. ನೆಬೂಕದ್ನೆಚ್ಚರನ ತಂದೆ ನೆಬೋಪೊಲಾಸರ್ ಕ್ರಿ.ಪೂ. 626ರಲ್ಲಿ ರಾಜ್ಯ ಕಟ್ಟಿದ. 612ರಲ್ಲಿ ಮೇದ್ಯರ ಜೊತೆ ಸೇರಿ ಅಶ್ಶೂರರ ನಿನೆವೆಯನ್ನು ಉರುಳಿಸಿದ. 539ರಲ್ಲಿ ಪಾರಸಿಯ ಅರಸ ಕೋರೆಷ (ಸೈರಸ್) ಇವರನ್ನೇ ಮುಗಿಸಿದ. ಬೈಬಲಿನಲ್ಲಿ ಇಷ್ಟೊಂದು ಜಾಗ ಹಿಡಿದ ಈ ಸಾಮ್ರಾಜ್ಯ ಬದುಕಿದ್ದು 90 ವರ್ಷವೂ ಇಲ್ಲ.

ಯೆಹೂದದ ಮೇಲೆ ಇವರಿಗೆ ಧರ್ಮದ್ವೇಷ ಇತ್ತು ಅಂತ ಜಾಸ್ತಿ ಜನ ತಿಳಿದಿದ್ದಾರೆ. ಅಂಥದ್ದೇನೂ ಕಾಣುವುದಿಲ್ಲ. ಯೆಹೂದ ಇದ್ದದ್ದು ಈಜಿಪ್ಟಿಗೆ ಹೋಗುವ ದಾರಿಯ ಪಕ್ಕದಲ್ಲಿ. ಕ್ರಿ.ಪೂ. 605ರಲ್ಲಿ ಕರ್ಕೆಮೀಷಿನಲ್ಲಿ ಈಜಿಪ್ಟಿನವರನ್ನು ಸೋಲಿಸಿದ ಮೇಲೆ ಆ ಭಾಗವೆಲ್ಲ ಬ್ಯಾಬಿಲೋನಿಗೆ ಕಪ್ಪ ಕೊಡಬೇಕಾಯಿತು. 601ರಲ್ಲಿ ನೆಬೂಕದ್ನೆಚ್ಚರ ಈಜಿಪ್ಟಿನ ಮೇಲೆ ಹೋಗಿ ಪೆಟ್ಟು ತಿಂದು ಬಂದ. ಯೆರೂಸಲೇಮಿನವರಿಗೆ ಧೈರ್ಯ ಬಂತು, ತಿರುಗಿಬಿದ್ದರು. ಅದಕ್ಕೇ 597ರ ಮುತ್ತಿಗೆ. ಅವನೇ ಕೂರಿಸಿದ ಚಿದ್ಕೀಯನೂ ಈಜಿಪ್ಟನ್ನು ನಂಬಿ ತಿರುಗಿಬಿದ್ದಾಗ ಎರಡನೇ ಸಲ ಬಂದು ಊರನ್ನೇ ಸುಟ್ಟ. ಬ್ಯಾಬಿಲೋನಿನ ಕಣ್ಣಿನಲ್ಲಿ ಇದು ಕಪ್ಪ ನಿಲ್ಲಿಸಿದ ಒಂದು ಸಣ್ಣ ರಾಜ್ಯದ ಗಲಾಟೆ, ಅಷ್ಟೇ.

ಯೆರೆಮೀಯನಿಗೆ ಇದು ಗೊತ್ತಿತ್ತು. ಅದಕ್ಕೇ ಶರಣಾಗಿ, ಬದುಕಿಕೊಳ್ಳಿ ಅಂತ ಹೇಳಿದ. ಅಷ್ಟೇ ಅಲ್ಲ, ನೆಬೂಕದ್ನೆಚ್ಚರನನ್ನು ದೇವರು 'ನನ್ನ ಸೇವಕ' ಅನ್ನುತ್ತಾನೆ ಅಂತ ಮೂರು ಕಡೆ ಬರೆದ. ಮುತ್ತಿಗೆಯ ನಡುವೆ ಹೀಗೆ ಮಾತಾಡಿದವನನ್ನು ಯಾವ ಊರಿನವರೂ ದ್ರೋಹಿ ಅಂತಲೇ ಕರೆಯುತ್ತಾರೆ, ಅಲ್ವಾ? ಅವನನ್ನು ಕೆಸರು ತುಂಬಿದ ಬಾವಿಗೆ ಇಳಿಸಿದರು. ಅರಮನೆಯಲ್ಲಿದ್ದ ಎಬೆದ್ಮೆಲೆಕ ಎಂಬ ಕೂಷ್ಯನು (ಈಜಿಪ್ಟಿನ ದಕ್ಷಿಣದ ಕೂಷ್ ನಾಡಿನವನು) ಹಗ್ಗದ ಜೊತೆ ಹಳೇ ಹರಕು ಬಟ್ಟೆಗಳನ್ನೂ ಕೆಳಗಿಳಿಸಿ, ಇವನ್ನು ಕಂಕುಳ ಕೆಳಗೆ ಇಟ್ಟುಕೊಳ್ಳಿ, ಹಗ್ಗ ಒತ್ತದಿರಲಿ ಅಂದು ಮೇಲೆತ್ತಿದ. 38ನೇ ಅಧ್ಯಾಯ. ಊರು ಬಿದ್ದ ಮೇಲೆ ಯೆರೆಮೀಯನಿಗೆ ಊಟ ಕೊಟ್ಟು, ಬೇಕಾದ ಕಡೆ ಹೋಗು ಅಂದವನು ಬ್ಯಾಬಿಲೋನಿನ ಸೇನಾಪತಿ ನೆಬೂಜರದಾನ. ಅದೇ ನೆಬೂಜರದಾನ ದೇವಾಲಯಕ್ಕೆ ಬೆಂಕಿ ಇಟ್ಟವನೂ ಹೌದು. ಬೈಬಲಿನ ಬಾಬೆಲಿನವರು ಬರೀ ಖಳರಲ್ಲ. ಇದನ್ನು ಹೇಳುತ್ತಿರುವುದು ಬೈಬಲೇ.

ಹಾಗಂತ ಆ ಮುತ್ತಿಗೆ ಹಗುರವಾದದ್ದಲ್ಲ. ಚಿದ್ಕೀಯನ ಕಣ್ಣೆದುರಿಗೆ ಅವನ ಮಕ್ಕಳನ್ನು ಕೊಂದು, ಆಮೇಲೆ ಅವನ ಕಣ್ಣು ಕೀಳಿಸಿ, ಸರಪಳಿ ಹಾಕಿ ಕರೆದುಕೊಂಡು ಹೋದರು. ಹಸಿವಿನಿಂದ ತಾಯಂದಿರು ಏನು ಮಾಡಿದರು ಅನ್ನುವುದು ಪ್ರಲಾಪಗಳು 4ರಲ್ಲಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ.

ಈಗ ಸೆರೆಯ ಬಗ್ಗೆ. ಇಡೀ ಜನಾಂಗವನ್ನೇ ಎತ್ತಿಕೊಂಡು ಹೋದರು, ನಾಡು ಖಾಲಿಯಾಯಿತು ಅನ್ನುವ ಚಿತ್ರ ನಮ್ಮ ತಲೆಯಲ್ಲಿದೆ. ಯೆರೆಮೀಯನ ಕೊನೇ ಅಧ್ಯಾಯದಲ್ಲಿ ಮೂರು ಕಂತಿನ ಲೆಕ್ಕ ಇದೆ: 3,023, ಆಮೇಲೆ 832, ಆಮೇಲೆ 745. ಒಟ್ಟು 4,600. ಎರಡನೇ ಅರಸುಗಳು ಮೊದಲ ಸಲಕ್ಕೇ 10,000 ಅನ್ನುತ್ತದೆ. ಎಣಿಸಿದ ರೀತಿ ಬೇರೆ ಇರಬಹುದು. ಯಾವ ಲೆಕ್ಕ ಹಿಡಿದರೂ ಬಡ ರೈತರು, ದ್ರಾಕ್ಷಿ ತೋಟದವರು ಅಲ್ಲೇ ಉಳಿದರು. ಹೋದವರು ಅರಮನೆಯವರು, ಕಮ್ಮಾರರು, ಕುಶಲ ಕೆಲಸದವರು, ಓದುಬರಹ ಬಲ್ಲವರು. ಬ್ಯಾಬಿಲೋನಿಗೆ ಬೇಕಾಗಿದ್ದದ್ದೂ ಅವರೇ. ಕಾಲುವೆ ತೋಡಬೇಕಿತ್ತು, ಹಾಳುಬಿದ್ದ ಜಮೀನು ಉಳಬೇಕಿತ್ತು, ಊರು ಕಟ್ಟಬೇಕಿತ್ತು.

ಅಲ್ಲಿ ಅವರ ಬದುಕು ಹೇಗಿತ್ತು ಅಂತ ತಿಳಿಯಲು ಎರಡು ಕಟ್ಟು ದಾಖಲೆ ಇವೆ. ನನಗೆ ಇಡೀ ವಿಷಯದಲ್ಲಿ ಇಷ್ಟವಾದ ಭಾಗ ಇದೇ.

ಮೊದಲನೆಯದು ಎಣ್ಣೆಯ ಪಟ್ಟಿ. ಜರ್ಮನಿಯ ರಾಬರ್ಟ್ ಕೋಲ್ಡೆವೈ 1899ರಿಂದ 1917ರವರೆಗೆ ಬ್ಯಾಬಿಲೋನನ್ನು ಅಗೆದರು. ಅರಮನೆಯ ಒಂದು ಮೂಲೆಯ ಕಮಾನುಗಳ ಕಟ್ಟಡವನ್ನು ನೋಡಿ ಇದೇ ಪ್ರಸಿದ್ಧ ತೂಗು ಉದ್ಯಾನ ಅಂದುಕೊಂಡರು. ಅಲ್ಲಿ ಸಿಕ್ಕ ಫಲಕಗಳನ್ನು ಓದಿದರೆ ಅದು ಉಗ್ರಾಣದ ಲೆಕ್ಕ! ಯಾರ್ಯಾರಿಗೆ ಎಷ್ಟೆಷ್ಟು ಎಳ್ಳೆಣ್ಣೆ ಕೊಟ್ಟೆವು ಅಂತ ಗುಮಾಸ್ತರು ಬರೆದಿಟ್ಟಿದ್ದಾರೆ. 1939ರಲ್ಲಿ ಅದನ್ನು ಪ್ರಕಟಿಸಿದಾಗ ಒಂದು ಸಾಲು ಎಲ್ಲರ ಕಣ್ಣಿಗೆ ಬಿತ್ತು. ಯೆಹೂದದ ಅರಸ ಯಾಊಕೀನು, 10 ಸಿಲಾ. ಅವನ ಐದು ಗಂಡುಮಕ್ಕಳಿಗೆ ಸೇರಿ ಎರಡೂವರೆ ಸಿಲಾ. ಸಿಲಾ ಅಂದರೆ ಒಂದು ಲೀಟರಿಗೆ ಸ್ವಲ್ಪ ಕಡಿಮೆ. ಇವನೇ ಆ 18 ವರ್ಷದ ಯೆಹೋಯಾಖೀನ. ಸೆರೆಯಲ್ಲಿದ್ದರೂ ಅವನನ್ನು 'ಅರಸ' ಅಂತಲೇ ಬರೆದಿದ್ದಾರೆ. ಎರಡನೇ ಅರಸುಗಳ ಪುಸ್ತಕ ಮುಗಿಯುವುದೂ ಇವನಿಗೆ ಅರಮನೆಯಿಂದ ದಿನಾ ಊಟ ಸಿಗುತ್ತಿತ್ತು ಅನ್ನುವ ಮಾತಿನಿಂದಲೇ.

ಎರಡನೆಯದು ಹಳ್ಳಿಯ ಕಡತ. ಬ್ಯಾಬಿಲೋನ್ ನಾಡಿನ ನಿಪ್ಪೂರ್ ಎಂಬ ಊರಿನ ಸುತ್ತಲಿನ ಪ್ರದೇಶದ ಸುಮಾರು 200 ಫಲಕಗಳು. 2014ರಲ್ಲಿ ಇವುಗಳ ದೊಡ್ಡ ಭಾಗ ಅಚ್ಚಾಯಿತು. ಇವು ಉತ್ಖನನದಲ್ಲಿ ಸಿಕ್ಕಿದ್ದಲ್ಲ, ಪ್ರಾಚೀನ ವಸ್ತುಗಳ ಮಾರುಕಟ್ಟೆಯಿಂದ ಬಂದವು. ಅದು ಬೇಸರದ ಸಂಗತಿ, ಮುಚ್ಚಿಡಬಾರದು. ಆದರೆ ಫಲಕಗಳು ಅಸಲಿ. ಅವುಗಳಲ್ಲಿ ಒಂದು ಊರಿನ ಹೆಸರು 'ಆಲ್-ಯಾಹೂದು', ಅಂದರೆ ಯೆಹೂದದವರ ಊರು. ಕ್ರಿ.ಪೂ. 572ರಿಂದ 477ರವರೆಗಿನ ತಾರೀಕುಗಳಿವೆ. ಯಾರೋ ಖರ್ಜೂರದ ಬಾಕಿ ಕೊಡಬೇಕು, ಯಾರೋ ಬಾರ್ಲಿ ಸಾಲ ತೆಗೆದಿದ್ದಾರೆ, ಯಾರೋ ಗದ್ದೆ ಗುತ್ತಿಗೆಗೆ ಹಿಡಿದಿದ್ದಾರೆ. ಅಹೀಕಾಮ್ ಅನ್ನುವವನು ತೆರಿಗೆ, ಗುತ್ತಿಗೆ, ವ್ಯಾಪಾರ ಅಂತ ಓಡಾಡಿದ್ದಾನೆ. ಅವನು ಸತ್ತ ಮೇಲೆ ಮಕ್ಕಳು ಆಸ್ತಿ ಪಾಲು ಮಾಡಿಕೊಂಡ ಪತ್ರವೂ ಇದೆ. ನಮ್ಮ ಹಳ್ಳಿಯ ಪಾಲುಪಟ್ಟಿ ಓದಿದವರಿಗೆ ಅದು ಹೊಸದೇನೂ ಅನ್ನಿಸುವುದಿಲ್ಲ.

ಇವರು ಗುಲಾಮರಲ್ಲ. ಸ್ವತಂತ್ರರೂ ಅಲ್ಲ. ರಾಜ ಜಮೀನು ಕೊಟ್ಟ, ಅದಕ್ಕೆ ಬದಲು ತೆರಿಗೆ ಕಟ್ಟಬೇಕು, ಕರೆದಾಗ ಸೇವೆ ಮಾಡಬೇಕು. "ಮನೆ ಕಟ್ಟಿಕೊಂಡು ವಾಸಿಸಿ, ತೋಟ ಮಾಡಿ ಫಲ ತಿನ್ನಿ" ಅಂತ ಯೆರೆಮೀಯ 29ರಲ್ಲಿ ಸೆರೆಯವರಿಗೆ ಪತ್ರ ಬರೆದನಲ್ಲ, ಅವರು ಅದನ್ನೇ ಮಾಡಿದಂತೆ ಕಾಣುತ್ತದೆ. ಹಾಗಾದರೆ 137ನೇ ಕೀರ್ತನೆಯಲ್ಲಿ ನದಿಗಳ ಬಳಿ ಕೂತು ಅತ್ತದ್ದು ಸುಳ್ಳೇ ಅಂತ ವಿದ್ಯಾರ್ಥಿಗಳು ಕೇಳುತ್ತಾರೆ. ಯಾಕೆ ಸುಳ್ಳಾಗಬೇಕು? ಖರ್ಜೂರದ ಲೆಕ್ಕ ಬರೆದ ಕೈಯೇ ರಾತ್ರಿ ಕೂತು ಅತ್ತಿರಬಹುದು.

ಒಂದು ದೊಡ್ಡ ವ್ಯತ್ಯಾಸ ಗಮನಿಸಿ. ಕ್ರಿ.ಪೂ. 722ರ ಸುಮಾರಿಗೆ ಉತ್ತರದ ಇಸ್ರಾಯೇಲನ್ನು ಕೆಡವಿದ ಅಶ್ಶೂರರು ಅಲ್ಲಿನ ಜನರನ್ನು ಬೇರೆ ಬೇರೆ ಕಡೆ ಚದುರಿಸಿ, ಆ ಜಾಗಕ್ಕೆ ಬೇರೆಯವರನ್ನು ತಂದು ಕೂರಿಸಿದರು. ಆ ಜನ ಕಳೆದೇ ಹೋದರು. ಬ್ಯಾಬಿಲೋನಿನವರು ಒಂದೇ ಊರಿನವರನ್ನು ಒಟ್ಟಿಗೇ ಇರಲು ಬಿಟ್ಟರು, ಯೆಹೂದದಲ್ಲಿ ಖಾಲಿಯಾದ ಜಾಗಕ್ಕೆ ಹೊರಗಿನವರನ್ನು ತುಂಬಲಿಲ್ಲ. ಅದರಿಂದಲೇ ಯೆಹೂದ್ಯರು ಯೆಹೂದ್ಯರಾಗಿ ಉಳಿದರು. ದೇವಾಲಯ ಇಲ್ಲದೆ ಪ್ರಾರ್ಥಿಸುವುದು, ವಾರದ ವಿಶ್ರಾಂತಿ ದಿನವಾದ ಸಬ್ಬತ್ತಿಗೆ ಇಷ್ಟು ಒತ್ತು ಕೊಡುವುದು, ಹಳೇ ಬರಹಗಳನ್ನು ಕೂಡಿಸಿ ಜೋಡಿಸುವುದು, ಇವೆಲ್ಲ ಬಲಗೊಂಡದ್ದು ಆಗಲೇ. ಇವತ್ತಿಗೂ ಯೆಹೂದ್ಯರ ಪಂಚಾಂಗದ ನೀಸಾನ್, ತಮ್ಮೂಜ್, ಅದಾರ್ ತಿಂಗಳುಗಳೆಲ್ಲ ಬ್ಯಾಬಿಲೋನಿನ ಹೆಸರುಗಳೇ. ಕೋರೆಷ ನಿಮ್ಮ ನಾಡಿಗೆ ಹೋಗಿ ಅಂದ ಮೇಲೂ ತುಂಬಾ ಜನ ಹೋಗಲಿಲ್ಲ. ಅಲ್ಲೇ ಉಳಿದವರ ಪೀಳಿಗೆಯ ರಬ್ಬಿಗಳು ಸುಮಾರು ಸಾವಿರ ವರ್ಷದ ನಂತರ ಬ್ಯಾಬಿಲೋನಿನ ತಾಲ್ಮೂದ್ ಎಂಬ ದೊಡ್ಡ ಧರ್ಮಗ್ರಂಥವನ್ನು ಕೊಟ್ಟರು. 1832ರ ಹೊತ್ತಿಗೆ ಬಾಗ್ದಾದಿನಿಂದ ಮುಂಬೈಗೆ ಬಂದ ಡೇವಿಡ್ ಸಸೂನರೂ ಇರಾಕಿನ ಆ ಹಳೇ ಸಮುದಾಯದವರೇ. ಸಸೂನ್ ಡಾಕಿಗೆ ಅವರ ಮನೆತನದ್ದೇ ಹೆಸರು.

ದಾನಿಯೇಲನಿಗೆ ಬರೋಣ. ಐದನೇ ಅಧ್ಯಾಯ ಬೇಲ್ಶಚ್ಚರನನ್ನು ಅರಸ ಅನ್ನುತ್ತದೆ, ನೆಬೂಕದ್ನೆಚ್ಚರನನ್ನು ಅವನ ತಂದೆ ಅನ್ನುತ್ತದೆ. ನಿಜವಾಗಿ ಅವನ ತಂದೆ ನಬೊನೈಡಸ್, ಬ್ಯಾಬಿಲೋನಿನ ಕೊನೇ ಅರಸ. ಕ್ರಿ.ಪೂ. 556ರಲ್ಲಿ ಒಳಸಂಚಿನ ನಂತರ ಪಟ್ಟಕ್ಕೆ ಬಂದವನು, ನೆಬೂಕದ್ನೆಚ್ಚರನ ಮಗನಲ್ಲ. ತಾಯಿಯ ಕಡೆಯಿಂದ ಬೇಲ್ಶಚ್ಚರ ನೆಬೂಕದ್ನೆಚ್ಚರನ ಮೊಮ್ಮಗ ಅಂತ ಕೆಲವರು ಸಮಾಧಾನ ಹೇಳುತ್ತಾರೆ. ಅದಕ್ಕೆ ಪುರಾವೆ ಇಲ್ಲ.

ಆದರೆ ಕಥೆಗೆ ಇನ್ನೊಂದು ಮಗ್ಗುಲು ಇದೆ, ಅದನ್ನೂ ಮಗನಿಗೆ ಹೇಳಿ. ಬೇಲ್ಶಚ್ಚರ ಅನ್ನುವವನೇ ಇರಲಿಲ್ಲ ಅಂತ ಒಂದು ಕಾಲದಲ್ಲಿ ವಾದ ಇತ್ತು. ಗ್ರೀಕ್ ಇತಿಹಾಸಕಾರರು ಅವನ ಹೆಸರು ಎತ್ತಿರಲಿಲ್ಲ. 1854ರಲ್ಲಿ ಊರ್ ಪಟ್ಟಣದ ದೇವಾಲಯದ ಮೂಲೆಗಳಲ್ಲಿ ನಬೊನೈಡಸ್ ಹೂಳಿಸಿದ್ದ ಮಣ್ಣಿನ ಉರುಳೆಗಳು ಸಿಕ್ಕವು. ಅದರಲ್ಲಿ ಅವನು ತನ್ನ ಹಿರಿಮಗ ಬೇಲ್-ಶರ್-ಉಸುರ್‌ಗಾಗಿ ಪ್ರಾರ್ಥಿಸುತ್ತಾನೆ. ನಬೊನೈಡಸ್ ಸುಮಾರು ಹತ್ತು ವರ್ಷ ಅರೇಬಿಯದ ತೇಮಾದಲ್ಲಿ ಹೋಗಿ ಕೂತಿದ್ದ. ಆಗ ರಾಜ್ಯ ನೋಡಿಕೊಂಡವನು ಈ ಮಗ. ದಾನಿಯೇಲನಿಗೆ ರಾಜ್ಯದಲ್ಲಿ ಮೂರನೇ ಸ್ಥಾನ ಕೊಡುತ್ತೇನೆ ಅಂತ ಬೇಲ್ಶಚ್ಚರ ಹೇಳುವುದು ಇದಕ್ಕೆ ಹೊಂದುತ್ತದೆ: ತಂದೆ ಮೊದಲನೆಯವನು, ಮಗ ಎರಡನೆಯವನು. ಆದರೂ ಅವನು ಪಟ್ಟದ ಅರಸ ಆಗಿರಲಿಲ್ಲ. ಅರಸ ಊರಿನಲ್ಲಿಲ್ಲ ಅಂತ ಆ ವರ್ಷಗಳಲ್ಲಿ ಹೊಸವರ್ಷದ ಹಬ್ಬವೇ ನಡೆಯಲಿಲ್ಲ ಅಂತ ಬ್ಯಾಬಿಲೋನಿನವರೇ ಬರೆದಿದ್ದಾರೆ.

ಇನ್ನೂ ಕುತೂಹಲದ ವಿಷಯ ಮೃತಸಮುದ್ರದ ಬಳಿಯ ಗುಹೆಗಳಲ್ಲಿ ಸಿಕ್ಕ ಹಳೇ ಯೆಹೂದ್ಯ ಸುರುಳಿಗಳಲ್ಲಿದೆ. ಕುಮ್ರಾನಿನ 4ನೇ ಗುಹೆಯ ಒಂದು ತುಂಡಿನಲ್ಲಿ ಬ್ಯಾಬಿಲೋನಿನ ಅರಸ ನಬೊನೈಡಸ್ ತೇಮಾದಲ್ಲಿ ಏಳು ವರ್ಷ ಚರ್ಮರೋಗದಿಂದ ನರಳಿದ, ಒಬ್ಬ ಯೆಹೂದ್ಯ ಅವನಿಗೆ ದಾರಿ ತೋರಿಸಿದ ಅಂತ ಇದೆ. ದಾನಿಯೇಲ 4ರಲ್ಲಿ ನೆಬೂಕದ್ನೆಚ್ಚರ 'ಏಳು ಕಾಲ' ಬುದ್ಧಿಗೆಟ್ಟು ಹುಲ್ಲು ಮೇಯುತ್ತಾನೆ. ಅಷ್ಟೇನೂ ಹೆಸರು ಮಾಡದ ಅರಸನ ಕಥೆ ಬಾಯಿಂದ ಬಾಯಿಗೆ ಹೋಗುತ್ತಾ ಹೆಸರುವಾಸಿ ಅರಸನಿಗೆ ಅಂಟಿಕೊಂಡಿತು ಅಂತ ತುಂಬಾ ವಿದ್ವಾಂಸರು ಭಾವಿಸುತ್ತಾರೆ. ನನಗೂ ಹಾಗೇ ಅನ್ನಿಸುತ್ತದೆ. ದಾನಿಯೇಲನ ಪುಸ್ತಕ ಈಗಿನ ರೂಪಕ್ಕೆ ಬಂದದ್ದು ಕ್ರಿ.ಪೂ. 165ರ ಸುಮಾರಿಗೆ, ಅಂತಿಯೋಕ ಎಂಬ ಗ್ರೀಕ್ ಅರಸ ಯೆಹೂದ್ಯರನ್ನು ಹಿಂಸಿಸಿ ದೇವಾಲಯವನ್ನು ಹೊಲೆಮಾಡಿದ ಕಾಲದಲ್ಲಿ ಅನ್ನುವುದು ಹೆಚ್ಚಿನವರ ಅಭಿಪ್ರಾಯ. ಸಾಂಪ್ರದಾಯಿಕ ಸಭೆಗಳು ಇದನ್ನು ಒಪ್ಪುವುದಿಲ್ಲ, ಅವರ ವಾದವೂ ಇದೆ. ಆದರೆ ಇದನ್ನು ನೋಡಿ: ಕ್ರೈಸ್ತರ ಬೈಬಲಿನಲ್ಲಿ ದಾನಿಯೇಲ ಪ್ರವಾದಿಗಳ ಸಾಲಿನಲ್ಲಿದ್ದಾನೆ. ಯೆಹೂದ್ಯರ ಬೈಬಲಿನಲ್ಲಿ ಅವನು ಪ್ರವಾದಿಗಳ ಭಾಗದಲ್ಲೇ ಇಲ್ಲ. ಕೀರ್ತನೆ, ಎಸ್ತೇರ್, ಎಜ್ರರ ಜೊತೆ 'ಬರಹಗಳು' ಎಂಬ ಕೊನೇ ಭಾಗದಲ್ಲಿದ್ದಾನೆ. ಅದೇ ಪುಸ್ತಕವನ್ನು ಎರಡು ಸಮುದಾಯಗಳು ಎರಡು ರೀತಿ ಓದಿಕೊಂಡು ಬಂದಿವೆ.

ಬೇಲ್ಶಚ್ಚರನ ನಂತರ ರಾಜ್ಯ ಪಡೆದ ಅಂತ ದಾನಿಯೇಲನ ಪುಸ್ತಕ ಹೇಳುವ ಮೇದ್ಯನಾದ ದಾರ್ಯಾವೆಷನ ಬಗ್ಗೆ ಮಗ ಇನ್ನೂ ಕೇಳಿಲ್ಲ, ಕೇಳುತ್ತಾನೆ. ಆ ಹೆಸರಿನ ಅರಸ ಆಗ ಬ್ಯಾಬಿಲೋನನ್ನು ಆಳಿದ ದಾಖಲೆ ಇಲ್ಲ. ಕೋರೆಷನ ಸೈನ್ಯ ಉಗ್ಬಾರು ಎಂಬ ಅಧಿಕಾರಿಯ ಜೊತೆ ಕ್ರಿ.ಪೂ. 539ರ ಅಕ್ಟೋಬರಿನಲ್ಲಿ ಕಾದಾಟವಿಲ್ಲದೆ ಊರೊಳಗೆ ಬಂತು ಅಂತ ಬ್ಯಾಬಿಲೋನಿನ ದಾಖಲೆ ಹೇಳುತ್ತದೆ.

ಇದೇ 'ಕಾದಾಟವಿಲ್ಲದೆ' ಅನ್ನುವ ಮಾತು ನಿಮ್ಮ ವಿಡಿಯೊ ಪ್ರಶ್ನೆಗೂ ಬೇಕು. ಯೆಶಾಯ 13 ಮೇದ್ಯರು ಬಂದು ಬಾಬೆಲನ್ನು ಸೊದೋಮ್ ಪಟ್ಟಣದಂತೆ ನಾಶ ಮಾಡುತ್ತಾರೆ, ಮತ್ತೆ ಅಲ್ಲಿ ಯಾರೂ ವಾಸಿಸುವುದಿಲ್ಲ ಅನ್ನುತ್ತದೆ. 539ರಲ್ಲಿ ಹಾಗೆ ಆಗಲಿಲ್ಲ. ಊರು ಚೆನ್ನಾಗಿಯೇ ಇತ್ತು. ಕ್ರಿ.ಪೂ. 323ರಲ್ಲಿ ಅಲೆಕ್ಸಾಂಡರ್ ಸತ್ತದ್ದು ಅಲ್ಲಿಯೇ. ಆಮೇಲೆ ಟೈಗ್ರಿಸ್ ದಡದಲ್ಲಿ ಸೆಲ್ಯೂಕಿಯ ಎಂಬ ಹೊಸ ರಾಜಧಾನಿ ಬಂತು, ಜನ ಅತ್ತ ಸರಿದರು, ಹಳೇ ಊರು ನಿಧಾನಕ್ಕೆ ಸೊರಗಿತು. ಹಳೇ ಊರಿನ ಎಲ್ಲೆಯೊಳಗೆ ಇಂದಿಗೂ ಸಣ್ಣ ಹಳ್ಳಿಗಳಿವೆ. ಪಕ್ಕದಲ್ಲೇ ಹಿಲ್ಲಾ ಎಂಬ ದೊಡ್ಡ ಪಟ್ಟಣ. ಸದ್ದಾಂ ಹುಸೇನ್ 1980ರ ದಶಕದಲ್ಲಿ ಹಳೇ ಅಡಿಪಾಯದ ಮೇಲೆ ಗೋಡೆ ಎಬ್ಬಿಸಿ, ನೆಬೂಕದ್ನೆಚ್ಚರನ ಹಾಗೆ ಇಟ್ಟಿಗೆಯ ಮೇಲೆ ತನ್ನ ಹೆಸರು ಒತ್ತಿಸಿದ. 2003ರ ನಂತರ ವಿದೇಶಿ ಸೈನ್ಯ ಅಲ್ಲೇ ಬೀಡುಬಿಟ್ಟು, ಕಂದಕ ತೋಡಿ, ಆ ಮಣ್ಣನ್ನೇ ಚೀಲಕ್ಕೆ ತುಂಬಿತು. 2019ರಲ್ಲಿ ಯುನೆಸ್ಕೊ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಈಗ ಅದು ಪ್ರವಾಸಿಗಳು ಟಿಕೆಟ್ ತೆಗೆದು ನೋಡುವ ಜಾಗ. ಲೋಕಾಂತ್ಯದ ಗುರುತು ಇದರಲ್ಲಿ ನನಗಂತೂ ಏನೂ ಕಾಣುವುದಿಲ್ಲ.

ಹಾಗಾದರೆ ಪ್ರವಾದನೆ ಸುಳ್ಳಾಯಿತೇ? ನಂಬಿಕೆಯುಳ್ಳವರು ಎರಡು ರೀತಿ ಉತ್ತರ ಕೊಡುತ್ತಾರೆ. ಒಂದು, ತಡವಾದರೂ ಆ ಮಹಾನಗರ ಹಾಳಾಯಿತಲ್ಲ ಅಂತ. ಇದರ ಅಪಾಯ ಏನೆಂದರೆ, ಪ್ರತಿ ಹಳ್ಳಿಗೂ ಪ್ರತಿ ಇಟ್ಟಿಗೆಗೂ ಸಬೂಬು ಹುಡುಕುತ್ತಾ ಕೂರಬೇಕು. ಇನ್ನೊಂದು, ಇದು ತುಳಿಸಿಕೊಂಡವರ ಶಾಪದ ಕಾವ್ಯ, ತಾರೀಕು ಹಾಕಿದ ವರದಿಯಲ್ಲ ಅಂತ. ಇದನ್ನು ಹಿಡಿದರೆ ಕೆಲವು ಹಿರಿಯರು ಮುನಿಸಿಕೊಳ್ಳುತ್ತಾರೆ. ನಾನು ಪ್ರವಾದಿ ಯೆಹೆಜ್ಕೇಲನನ್ನು ತೋರಿಸುತ್ತೇನೆ. 26ನೇ ಅಧ್ಯಾಯದಲ್ಲಿ ಅವನು ನೆಬೂಕದ್ನೆಚ್ಚರ ತೂರ್ ಪಟ್ಟಣವನ್ನು ನೆಲಸಮ ಮಾಡುತ್ತಾನೆ ಅನ್ನುತ್ತಾನೆ. 29ನೇ ಅಧ್ಯಾಯದಲ್ಲಿ ಅವನೇ, ಪಾಪ, ಅಷ್ಟು ದುಡಿದರೂ ತೂರಿನಿಂದ ಅವನಿಗೂ ಅವನ ಸೈನ್ಯಕ್ಕೂ ಕೂಲಿ ಗಿಟ್ಟಲಿಲ್ಲ ಎಂಬ ಅರ್ಥದಲ್ಲಿ ಬರೆಯುತ್ತಾನೆ. ಎರಡೂ ಮಾತನ್ನು ಒಂದೇ ಪುಸ್ತಕದಲ್ಲಿ ಉಳಿಸಿದ ಜನ ಪ್ರವಾದನೆಯನ್ನು ನಾವು ಓದುವ ಹಾಗೆ ಓದುತ್ತಿರಲಿಲ್ಲ.

ಪ್ರಕಟನೆಯ ವಿಷಯ ಇದಕ್ಕಿಂತ ಸುಲಭ. ಅದು ಬರೆದದ್ದು ಕ್ರಿ.ಶ. 1ನೇ ಶತಮಾನದ ಕೊನೆಗೆ ಅಂತ ಹೆಚ್ಚಿನವರು ಹೇಳುತ್ತಾರೆ. ಕ್ರಿ.ಶ. 70ರಲ್ಲಿ ರೋಮಿನ ಸೈನ್ಯ ಯೆರೂಸಲೇಮಿನ ದೇವಾಲಯವನ್ನು ಎರಡನೇ ಸಲ ಸುಟ್ಟಿತ್ತು. ಮೊದಲ ಸಲ ಸುಟ್ಟವರು ಬಾಬೆಲಿನವರು. ಹಾಗಾಗಿ ರೋಮಿಗೆ ಬಾಬೆಲ್ ಅಂತ ಹೆಸರು ಬಿತ್ತು. ಆ ಕಾಲದ ಯೆಹೂದ್ಯ ಬರಹಗಳಲ್ಲೂ ಹಾಗೇ ಇದೆ. ಪೇತ್ರನ ಮೊದಲ ಪತ್ರದ ಕೊನೆಗೆ ಬರುವ ಬಾಬೆಲೂ ರೋಮೇ. ಪ್ರಕಟನೆಯ 17ನೇ ಅಧ್ಯಾಯ ಬಾಬೆಲನ್ನು ಒಬ್ಬ ಸ್ತ್ರೀಯಂತೆ ಚಿತ್ರಿಸಿ, ಅವಳು ಏಳು ಬೆಟ್ಟಗಳ ಮೇಲೆ ಕೂತಿದ್ದಾಳೆ, ಅವಳು ಭೂರಾಜರ ಮೇಲೆ ಆಳುವ ಮಹಾನಗರ ಅನ್ನುತ್ತದೆ. ಆಗಿನ ಓದುಗರಿಗೆ ಇದಕ್ಕಿಂತ ಬಿಡಿಸಿ ಹೇಳಬೇಕಿರಲಿಲ್ಲ. 18ನೇ ಅಧ್ಯಾಯದಲ್ಲಿ ವರ್ತಕರು ಅಳುತ್ತಾ ಹೇಳುವ ಸರಕಿನ ಪಟ್ಟಿ ಓದಿ: ಚಿನ್ನ, ಮುತ್ತು, ರೇಷ್ಮೆ, ದಂತ, ದಾಲ್ಚಿನ್ನಿ, ಸಾಂಬಾರ ಪದಾರ್ಥ. ಕೊನೆಗೆ ಮನುಷ್ಯರು. ನಮ್ಮ ದಕ್ಷಿಣ ಭಾರತದ ಮುತ್ತು, ದಂತ, ಸಾಂಬಾರವೂ ರೋಮಿಗೆ ಹೋಗುತ್ತಿತ್ತು. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಸಿಕ್ಕ ರೋಮನ್ ಬೆಳ್ಳಿ ನಾಣ್ಯಗಳು ಆ ವ್ಯಾಪಾರದ ಕಾಲದವೇ.

ಕಥೋಲಿಕ ಸಭೆಗೆ ಈ ಹೆಸರು ಅಂಟಿದ್ದು ಬಹಳ ತಡವಾಗಿ. 14ನೇ ಶತಮಾನದಲ್ಲಿ ಪೋಪರು ಫ್ರಾನ್ಸಿನ ಕಡೆ ಅವಿನ್ಯೋನಿನಲ್ಲಿ ಕೂತಿದ್ದಾಗ ಆ ವೈಭವವನ್ನು ಬಾಬೆಲ್ ಅಂತ ಬೈದವನು ಪೆಟ್ರಾರ್ಕ್ ಕವಿ, ಅವನು ಸ್ವತಃ ಕಥೋಲಿಕ. 1520ರಲ್ಲಿ ಮಾರ್ಟಿನ್ ಲೂಥರ್ ಪೋಪರ ಆಡಳಿತವನ್ನು ಬಾಬೆಲಿನ ಸೆರೆಗೆ ಹೋಲಿಸಿ ಬರೆದರು. ಆಗಿನ ಜಗಳದ ಕಾವಿನಲ್ಲಿ ಆಡಿದ ಮಾತುಗಳು ಅವು. ಸೆಮಿರಾಮಿಸಳ ಕಥೆಯಂತೂ 19ನೇ ಶತಮಾನದ ಸ್ಕಾಟ್ಲೆಂಡಿನ ಒಬ್ಬ ಪಾದ್ರಿ ಹರಡಿದ್ದು. ಬೈಬಲಿನಲ್ಲಿ ಅವಳ ಹೆಸರೇ ಇಲ್ಲ. ಆದಿಕಾಂಡ 10ರಲ್ಲಿ ಬರುವ ಬೇಟೆಗಾರ ಅರಸ ನಿಮ್ರೋದನಿಗೆ ಹೆಂಡತಿ ಇದ್ದಳು ಅಂತಲೂ ಇಲ್ಲ. ಬಾಬೆಲಿನ ಗೋಪುರ ಕಟ್ಟಿದವನು ನಿಮ್ರೋದ ಅಂತ ಆದಿಕಾಂಡ 11 ಹೇಳುವುದಿಲ್ಲ. ಗ್ರೀಕರ ದಂತಕಥೆಯ ಸೆಮಿರಾಮಿಸಳ ಹಿಂದೆ ಇರುವವಳು ಶಮ್ಮುರಾಮತ್ ಎಂಬ ರಾಣಿ. ಅವಳು ಕ್ರಿ.ಪೂ. 800ರ ಆಸುಪಾಸಿನವಳು, ಅದೂ ಅಶ್ಶೂರದವಳು. ಯಾರನ್ನೋ ಯಾರಿಗೋ ಮದುವೆ ಮಾಡಿಸಿ ಈ ಸಂಬಂಧ ಕಟ್ಟಿದ್ದಾರೆ.

ನಾದಿನಿಯ ವಿಷಯ ಗ್ರೂಪಿನಲ್ಲಿ ಬಗೆಹರಿಯುವುದಿಲ್ಲ. ಅಲ್ಲಿ ನೀವು ಮೇಲಿನದನ್ನೆಲ್ಲ ಬರೆದರೆ ವಿಡಿಯೊ ಹಾಕಿದವರು ಇನ್ನೂ ನಾಲ್ಕು ವಿಡಿಯೊ ಹಾಕುತ್ತಾರೆ. ಅವರಿಗೆ ಪ್ರತ್ಯೇಕವಾಗಿ ಹೇಳಿ ಅದನ್ನು ತೆಗೆಸಿ. ಆಮೇಲೆ ನೀವೇ ಮಂಗಳೂರಿಗೆ ಹೋಗಿ ಬನ್ನಿ. ಹೋದಾಗ ಪ್ರಕಟನೆಯ ಚರ್ಚೆ ಎತ್ತಬೇಡಿ.

ಪಾಠಕ್ಕೆ ಮೂರು ದಾರಿ ಇವೆ. ಇತಿಹಾಸದ ಗೋಜು ಬೇಡ ಅಂತ ಸುಮ್ನೆ ಕಥೆ ಹೇಳಿ ಮುಗಿಸಬಹುದು. ಸಣ್ಣ ಮಕ್ಕಳಿಗೆ ಅದೇ ಸರಿ. ಆದರೆ ಹೈಸ್ಕೂಲಿನವರ ಕೈಯಲ್ಲಿ ಮೊಬೈಲ್ ಇದೆ. ಬೇಲ್ಶಚ್ಚರನ ವಿಷಯವನ್ನು ನಿಮ್ಮಿಂದ ಕೇಳದಿದ್ದರೆ ಗೇಲಿ ಮಾಡುವವರಿಂದ ಕೇಳುತ್ತಾರೆ. ಎರಡನೆಯದು, ಬೈಬಲನ್ನು ವಿಜ್ಞಾನವೇ ಸಾಬೀತು ಮಾಡಿದೆ ಅಂತ ಫೋಟೊ ತೋರಿಸುತ್ತಾ ಹೋಗುವುದು. ನನಗೆ ಇದರದ್ದೇ ಜಾಸ್ತಿ ಭಯ. ಕೋರೆಷನ ಮಣ್ಣಿನ ಉರುಳೆಯ ಫೋಟೊ ಹಾಕಿ, ಯೆಹೂದ್ಯರ ಬಿಡುಗಡೆ ಇದರಲ್ಲಿದೆ ಅನ್ನುವ ಪೋಸ್ಟರುಗಳು ಎಷ್ಟೋ ಇವೆ. ಆ ಉರುಳೆಯಲ್ಲಿ ಯೆಹೂದ್ಯರ ಹೆಸರೇ ಇಲ್ಲ. ಬೇರೆ ದೇವರುಗಳ ಮೂರ್ತಿಗಳನ್ನು ಅವುಗಳ ಊರಿಗೆ ಕಳಿಸಿದ ಮಾತಿದೆ. ಎಜ್ರ 1ಕ್ಕೆ ಅದು ಹೊಂದುತ್ತದೆ, ಅಷ್ಟೇ. ಒಂದು ಫೋಟೊ ಸುಳ್ಳು ಅಂತ ಮಕ್ಕಳಿಗೆ ಗೊತ್ತಾದರೆ ಉಳಿದ ಒಳ್ಳೆಯದನ್ನೂ ನಂಬುವುದಿಲ್ಲ.

ಮೂರನೆಯದು, ಬೈಬಲನ್ನೂ ಆ ಫಲಕಗಳನ್ನೂ ಅಕ್ಕಪಕ್ಕ ಇಟ್ಟು ಓದುವುದು. ಹೊಂದುವುದನ್ನು ಹೊಂದುತ್ತದೆ ಅನ್ನಿ, ಹೊಂದದ್ದನ್ನು ಇಲ್ಲ ಅನ್ನಿ. ಇದಕ್ಕೆ ತಯಾರಿ ಬೇಕು, ಒಬ್ಬಿಬ್ಬರು ತಂದೆತಾಯಿ ದೂರು ಹೇಳುವುದೂ ಖಂಡಿತ. ಅದಕ್ಕೇ ಮೊದಲು ಸಭಾಪಾಲಕರ ಹತ್ತಿರ ಮಾತಾಡಿ. ದಾನಿಯೇಲನಿಂದ ಶುರು ಮಾಡಬೇಡಿ. ಯೆರೆಮೀಯ 29ರ ಪತ್ರ, ಅದರ ಜೊತೆ ಎಣ್ಣೆಯ ಪಟ್ಟಿ, ಆಲ್-ಯಾಹೂದುವಿನ ಖರ್ಜೂರದ ಬಾಕಿ. ಎರಡು ವಾರಕ್ಕೆ ಅಷ್ಟು ಸಾಕು. 137ನೇ ಕೀರ್ತನೆ ಓದಿಸಿದರೆ, ಬಾಬೆಲಿನವರ ಕೂಸುಗಳಿಗೂ ಸಾವು ಬಯಸುವ ಕೊನೇ ವಚನವನ್ನು ದೊಡ್ಡ ಮಕ್ಕಳ ಮುಂದೆ ಹಾರಿಸಬೇಡಿ, ಅವರು ಹೇಗೂ ಓದಿಕೊಳ್ಳುತ್ತಾರೆ. ಹೆತ್ತವರನ್ನು ಕಳೆದುಕೊಂಡವರ ಸಿಟ್ಟು ಎಂಥದ್ದು ಅಂತ ಕೇಳಿ ನೋಡಿ.

ಆಮೇಲೆ ದಾನಿಯೇಲನಿಗೆ ಬನ್ನಿ. ನಾದಿನಿಯ ಮನೆಯ ಬೈಬಲಿನಲ್ಲಿ ದಾನಿಯೇಲನಿಗೆ 14 ಅಧ್ಯಾಯ ಇರುತ್ತವೆ, ನಿಮ್ಮದರಲ್ಲಿ 12. ಕೊನೆಯದರಲ್ಲಿ ಬೇಲ್ ದೇವರ ಕಥೆ ಇದೆ. ರಾತ್ರಿ ಇಟ್ಟ ಎಡೆ ಬೆಳಿಗ್ಗೆ ಖಾಲಿಯಾಗುತ್ತದೆ, ದೇವರೇ ತಿನ್ನುತ್ತಾನೆ ಅಂತ ಅರಸ ನಂಬಿದ್ದಾನೆ. ದಾನಿಯೇಲ ಗುಡಿಯ ನೆಲಕ್ಕೆಲ್ಲ ಬೂದಿ ಚೆಲ್ಲಿಸಿ ಬಾಗಿಲಿಗೆ ಮುದ್ರೆ ಹಾಕಿಸುತ್ತಾನೆ. ಬೆಳಿಗ್ಗೆ ನೋಡಿದರೆ ಬೂದಿಯ ತುಂಬಾ ಹೆಜ್ಜೆಗುರುತು, ಪೂಜಾರಿಗಳದ್ದು, ಅವರ ಹೆಂಡತಿ ಮಕ್ಕಳದ್ದು. ಹೈಸ್ಕೂಲ್ ಮಕ್ಕಳು ಇದನ್ನು ಪತ್ತೇದಾರಿ ಕಥೆಯಂತೆ ಕೇಳುತ್ತಾರೆ. ಇದು ಪ್ರಾಟೆಸ್ಟೆಂಟ್ ಬೈಬಲಿನಲ್ಲಿ ಇಲ್ಲದ ಅಧ್ಯಾಯ, ಕಥೆಯಾಗಿ ಮಾತ್ರ ಹೇಳುತ್ತೇನೆ ಅಂತ ಸಭಾಪಾಲಕರಿಗೆ ಮುಂಚೆಯೇ ತಿಳಿಸಿಬಿಡಿ.